ಬೆಂಕಿಯಲ್ಲಿ ಮೈ ಬದಲಿಸುವ ಹಿತ್ತಾಳೆ

ತೇಜಸ್ವಿಯವರ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ಯನ್ನು ನಾನು ಮೊದಲು ಓದಿದ್ದು ಹೈಸ್ಕೂಲಿನಲ್ಲಿದ್ದಾಗ, ಮಾಗಡಿಗೆ ಹೋಗುವ ಬಸ್ಸಿನಲ್ಲಿ. ಕಿಟಕಿಯಾಚೆ ಸಾವನದುರ್ಗದ ಬೋಳು ಬಂಡೆ, ಮಡಿಲಲ್ಲಿ ತೇಜಸ್ವಿ ಕನ್ನಡಕ್ಕೆ ತಂದ ಬೇಟೆಗಾರ ಕೆನೆತ್ ಆಂಡರ್ಸನ್ನನ ಚಿರತೆ. ಪುಟದಿಂದ ಕಣ್ಣು ಕಿತ್ತರೂ ಅದೇ ಕಾಡು, ಪುಟಕ್ಕೆ ಇಳಿದರೂ ಅದೇ ಕಾಡು! ಆಮೇಲೆ ಆ ಪುಸ್ತಕವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಈಡು ಹಾರಿದ ಮೇಲೆ ಕೋವಿಯಿಂದ ಹೊರಗೆ ಚಿಮ್ಮಿ, ತರಗೆಲೆಯ ಮೇಲೆ ಬಿದ್ದು ಹೊಗೆಯಾಡುವ ಆ ಹಿತ್ತಾಳೆ ಚಿಪ್ಪಿನ ಬಗ್ಗೆ ಒಂದು ದಿನವೂ ಯೋಚಿಸಿದವನಲ್ಲ. ಈಚೆಗೆ ಕೆಲವು ತಿಂಗಳಿಂದ ನನಗೆ ಅದೊಂದೇ ಧ್ಯಾನ.

ಯಾಕೆಂದರೆ, ಕೋವಿಯೊಳಕ್ಕೆ ಹೋದ ಚಿಪ್ಪು ಬೇರೆ, ಹೊರಗೆ ಬಿದ್ದ ಚಿಪ್ಪು ಬೇರೆ!

ಇದು ಗೊತ್ತಾದ ದಿನ ನಾನು ಕೂತಲ್ಲಿ ಕೂರಲಾರದೆ ಹೋದೆ. ಲೋಹ, ಅದೂ ಗಟ್ಟಿ ಹಿತ್ತಾಳೆ, ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ, ಕರಗದೆ, ಒಡೆಯದೆ ಹೊಸ ಮೈ ತಳೆದು ಬರುತ್ತದೆ. ಲೋಕದ ಇನ್ನೊಂದು ಮೂಲೆಯಲ್ಲಿ ಈ ಮೈಬದಲಿನ ಮೇಲೆಯೇ ಒಂದು ದೊಡ್ಡ ಕಸುಬು ಬೆಳೆದಿದೆ. ಯಾವ ಕಂಪನಿಯೂ ತಯಾರಿಸದ, ಯಾವ ಅಂಗಡಿಯಲ್ಲೂ ಸಿಗದ ತೋಟಾಗಳನ್ನು ತಾವೇ ಕಲ್ಪಿಸಿ, ಅದಕ್ಕೆ ತಕ್ಕ ನಳಿಕೆ ಕೊರೆಸಿ, ಹಿತ್ತಾಳೆಯನ್ನು ಬೆಂಕಿಯಿಂದಲೇ ಅದರ ಆಕಾರಕ್ಕೆ ತರುವ ಜನ ಅಲ್ಲಿದ್ದಾರೆ. ಹಾಗೆ ಹುಟ್ಟಿದ ತೋಟಾಕ್ಕೆ ಅವರು ಇಟ್ಟ ಹೆಸರು ವೈಲ್ಡ್‌ಕ್ಯಾಟ್. ಕಾಡುಬೆಕ್ಕು! ಸಾಕಿದ್ದಲ್ಲ, ಯಾರ ಮನೆಯದೂ ಅಲ್ಲ.

ಆ ದಾರಿಯ ಮೊದಲ ಹೆಜ್ಜೆಗುರುತು ಸಿಗುವುದು ಮಾಗಡಿ ಕಾಡಿನಲ್ಲಿಯೇ ಎಂದರೆ ನಂಬುತ್ತೀರಾ?

ಆಂಡರ್ಸನ್ 1910ರಲ್ಲಿ ಹುಟ್ಟಿದವನು, 1974ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡವನು. ಹೊಟ್ಟೆಪಾಡಿಗೆ ಬೆಂಗಳೂರಿನ ವಿಮಾನ ಕಾರ್ಖಾನೆ, ಉಳಿದ ಜೀವವೆಲ್ಲ ಕಾಡಿಗೆ. ಮಾಗಡಿ, ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರ, ಕನಕಪುರದಾಚೆಯ ಕಾವೇರಿ ಕಣಿವೆ ಎಲ್ಲವೂ ಅವನಿಗೆ ಕೈಯಳತೆಯ ಕಾಡು. ಅವನ ಕೈಯಲ್ಲಿ ಹೆಚ್ಚಾಗಿ ಇರುತ್ತಿದ್ದ ಕೋವಿ ಯಾವುದು ಎಂದು ಅವನ ಓದುಗರಿಗೆಲ್ಲ ಗೊತ್ತು: .405 ವಿಂಚೆಸ್ಟರ್. ಅಮೆರಿಕದ ಜಾನ್ ಬ್ರೌನಿಂಗ್ ಎಂಬ ಮಹಾ ಕುಶಲಿ ರೂಪಿಸಿದ 1895ರ ಮಾದರಿ. ಕೆಳಗಿನ ಹಿಡಿಯನ್ನು ಒಮ್ಮೆ ಮುಂದಕ್ಕೆ ಚಾಚಿ ಹಿಂದಕ್ಕೆ ಎಳೆದರೆ ಸಾಕು, ಹಳೆಯ ಚಿಪ್ಪು ಹೊರಗೆ, ಹೊಸ ತೋಟಾ ಒಳಗೆ. 1904ರಲ್ಲಿ ಅದಕ್ಕೆಂದೇ ಬಂತು .405 ತೋಟಾ. ಸುಮಾರು 19 ಗ್ರಾಂ ತೂಕದ ಗುಂಡು, ಸೆಕೆಂಡಿಗೆ ಸುಮಾರು 670 ಮೀಟರ್ ವೇಗ. ಅಂದರೆ ಸದ್ದಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಮುಂದೆ! ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ಥಿಯೊಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಸಿಂಹದ ಬೇಟೆಗೆ ಹೋದಾಗ ಒಯ್ದದ್ದೂ ಇದೇ ತೋಟಾದ ಕೋವಿಯನ್ನು.

ಇಷ್ಟು ಹೆಸರು ಮಾಡಿದ ತೋಟಾ ಏನಾಯಿತು? ಮೊದಲು ಆ ಕೋವಿಯ ತಯಾರಿಕೆ ನಿಂತಿತು. 1950ರ ದಶಕದಲ್ಲಿ ತೋಟಾವೂ ನಿಂತುಹೋಯಿತು. ಮಾಗಡಿ ಚಿರತೆಯ ಕಥೆ ಇರುವ ಆಂಡರ್ಸನ್ನನ ಇಂಗ್ಲಿಷ್ ಪುಸ್ತಕ 1959ರದು. ಪುಸ್ತಕ ಓದುಗರ ಕೈ ಸೇರುವ ಹೊತ್ತಿಗೆ ಆ ಕೋವಿಯ ಆಹಾರ ಲೋಕದ ಮಾರುಕಟ್ಟೆಯಿಂದಲೇ ಕಣ್ಮರೆಯಾಗತೊಡಗಿತ್ತು.

ತೋಟಾ ಇಲ್ಲದ ಕೋವಿ ಎಂದರೆ ಎಣ್ಣೆಯಿಲ್ಲದ ಹಣತೆ. ಆದರೂ ಅದನ್ನು ಇಟ್ಟುಕೊಂಡವರು ಸುಮ್ಮನೆ ಕೂರಲಿಲ್ಲ. ಜರ್ಮನಿಯಲ್ಲಿ 9.3×74ಆರ್ ಎಂಬ ತೋಟಾ ಒಂದಿದೆ, ಉದ್ದನೆಯದು, ಬುಡದಲ್ಲಿ ಅಂಚು ಇರುವಂಥದು. ಅದರ ಬುಡ .405ರ ಬುಡಕ್ಕೆ ಕೂದಲೆಳೆಯಷ್ಟೇ ವ್ಯತ್ಯಾಸದಲ್ಲಿ ಹೊಂದುತ್ತದೆ. ಆ ಚಿಪ್ಪನ್ನು ತಂದರು. ಸುಮಾರು 75 ಮಿಲಿಮೀಟರ್ ಉದ್ದವನ್ನು 65 ಚಿಲ್ಲರೆಗೆ ಕತ್ತರಿಸಿದರು. ಕಿರಿದಾದ ಕೊರಳನ್ನು ಹಿಗ್ಗಿಸಿದರು. ಆಮೇಲೆ ಕೋವಿಯಲ್ಲಿಟ್ಟು ಹಾರಿಸಿದರು. ಒಳಗೆ ಹೋದದ್ದು ಜರ್ಮನಿಯ ಚಿಪ್ಪು, ಹೊರಗೆ ಬಿದ್ದದ್ದು ಅಮೆರಿಕದ .405! ಆಂಡರ್ಸನ್ನನ ಕೋವಿಯ ಜಾತಿಯ ಕೋವಿಗಳು ಎಷ್ಟೋ ವರ್ಷ ಬದುಕಿದ್ದು ಹೀಗೆ, ಇನ್ನೊಬ್ಬರ ಮನೆಯ ಹಿತ್ತಾಳೆಯನ್ನು ಬೆಂಕಿಯಲ್ಲಿ ತಮ್ಮದಾಗಿಸಿಕೊಂಡು.

ಆ ಒಂದು ಗಳಿಗೆಯಲ್ಲಿ ಒಳಗೆ ನಡೆಯುವುದನ್ನು ಕಣ್ಣಿಗೆ ತಂದುಕೊಳ್ಳಿ.

ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದೊಡನೆ ಒಳಗಿನ ಮೊಳೆ ಹೋಗಿ ಚಿಪ್ಪಿನ ಬುಡದ ಕೇಪಿಗೆ ಬಡಿಯುತ್ತದೆ. ಕೇಪಿನ ಕಿಡಿ ಮದ್ದಿಗೆ ತಾಗುತ್ತದೆ. ಮದ್ದು ಉರಿದು ಅನಿಲವಾಗುತ್ತದೆ. ಇಂದಿನ ರೈಫಲ್‌ಗಳಲ್ಲಿ ಆ ಅನಿಲದ ಒತ್ತಡ ನಮ್ಮ ಸುತ್ತಣ ಗಾಳಿಯ ಒತ್ತಡಕ್ಕಿಂತ ನಾಲ್ಕು ಸಾವಿರ ಪಟ್ಟು ಏರಬಲ್ಲುದು. ಕೆಎಸ್‌ಆರ್‌ಟಿಸಿ ಬಸ್ಸಿನ ಟೈರಿನೊಳಗಿನ ಗಾಳಿಗೆ ಹೋಲಿಸಿದರೆ ಐನೂರು ಪಟ್ಟು! ಆ ಒತ್ತಡಕ್ಕೆ ಗುಂಡು ಮುಂದಕ್ಕೆ ಓಡುತ್ತದೆ, ಅದು ನಮಗೆ ಗೊತ್ತಿರುವ ಕಥೆ. ಗೊತ್ತಿಲ್ಲದ ಕಥೆ ಹಿತ್ತಾಳೆಯದು. ಚಿಪ್ಪಿನ ತೆಳು ಗೋಡೆ ಎಲ್ಲ ದಿಕ್ಕಿಗೂ ಉಬ್ಬಿ, ತಾನು ಕೂತಿರುವ ಉಕ್ಕಿನ ಗೂಡಿಗೆ, ಅಂದರೆ ಚೇಂಬರಿಗೆ, ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಎಷ್ಟು ಬಿಗಿಯೆಂದರೆ ಒಂದು ಎಳೆ ಬಿಸಿ ಅನಿಲವೂ ಹಿಂದಕ್ಕೆ ನುಗ್ಗಿ ಹಾರಿಸಿದವನ ಕಣ್ಣಿಗೆ ಬಡಿಯದು. ಗುಂಡು ನಳಿಕೆ ದಾಟಿದ ಕೂಡಲೇ ಒತ್ತಡ ಇಳಿಯುತ್ತದೆ. ಹಿತ್ತಾಳೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಆ ಕೂದಲೆಳೆಯ ಸಂದು ಇರುವುದರಿಂದಲೇ ಚಿಪ್ಪನ್ನು ಹೊರಗೆ ಎಳೆಯಲು ಆಗುತ್ತದೆ. ಬಿಗಿಯಾಗಿ ಅಪ್ಪಬೇಕು, ಸಮಯಕ್ಕೆ ಸರಿಯಾಗಿ ಬಿಡಬೇಕು, ಎರಡೂ ಬಲ್ಲ ಲೋಹ ಬೇಕು. ನೂರರಲ್ಲಿ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಬೆರೆತ ಹಿತ್ತಾಳೆ ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಹೀಗೆ ಅಪ್ಪಿಕೊಂಡಾಗ ಗೂಡಿನ ಆಕಾರವೆಲ್ಲ ಚಿಪ್ಪಿನ ಮೈಗೆ ಇಳಿಯುತ್ತದೆ. ಒಂದು ಕೋವಿಯ ಗೂಡಿಗೂ ಅದೇ ಕಂಪನಿಯ ಇನ್ನೊಂದರ ಗೂಡಿಗೂ ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ. ಹಾರಿದ ಚಿಪ್ಪು ಆ ವ್ಯತ್ಯಾಸವನ್ನು ಹೊತ್ತುಕೊಂಡೇ ಹೊರಬರುತ್ತದೆ. ಹಿತ್ತಾಳೆ ಕರಗಲು ಒಂಬೈನೂರು ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು ಬೇಕು. ಇಲ್ಲಿ ಅದು ಕರಗುವುದೇ ಇಲ್ಲ. ಕರಗದೆಯೇ ಹರಿದಿದೆ! ಎರಕ ಹೊಯ್ಯುವವರನ್ನು ನೋಡಿ ಬೆರಗಾದವರು ನಾವು, ಇದು ಎರಕವಿಲ್ಲದ ಎರಕ.

ಕಾಡುಬೆಕ್ಕು ಕಟ್ಟುವವರು ಬಳಸಿಕೊಳ್ಳುವುದು ಇದನ್ನೇ. ಚೇಂಬರನ್ನು ಬೇಕೆಂದೇ ಹೊಸ ಆಕಾರಕ್ಕೆ ಕೊರೆಸುತ್ತಾರೆ. ಅದರಲ್ಲಿ ಹಳೆಯ ಚಿಪ್ಪು ಇಟ್ಟು ಹಾರಿಸುತ್ತಾರೆ. ಇದಕ್ಕೆ ಫೈರ್‌ಫಾರ್ಮಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಬೆಂಕಿ-ಅಚ್ಚು ಎನ್ನೋಣವೇ?

ಈ ಕಸುಬಿನ ದೊಡ್ಡ ಗುರು ಪಾರ್ಕರ್ ಒಟ್ಟೊ ಆಕ್ಲಿ, ಕೊಲೊರಾಡೊದ ಟ್ರಿನಿಡಾಡ್ ಎಂಬ ಊರಿನಲ್ಲಿ ಅಂಗಡಿ ಇಟ್ಟಿದ್ದ ಕೋವಿ ಕಮ್ಮಾರ. ರೈಫಲ್ ಚಿಪ್ಪನ್ನು ಎದುರಿಗೆ ನಿಲ್ಲಿಸಿ ನೋಡಿದರೆ ಅದಕ್ಕೊಂದು ಮೈ, ಹೆಗಲು, ಕೊರಳು ಇರುವುದು ಕಾಣುತ್ತದೆ. ಹಳೆಯ ಚಿಪ್ಪುಗಳಲ್ಲಿ ಮೈ ಮೇಲಕ್ಕೆ ಹೋಗುತ್ತ ಸೊರಗುತ್ತದೆ, ಹೆಗಲು ಇಳಿಜಾರಾಗಿರುತ್ತದೆ. ಆಕ್ಲಿ ಮೈಯನ್ನು ನೆಟ್ಟಗೆ ಮಾಡಿದ, ಹೆಗಲನ್ನು 40 ಡಿಗ್ರಿಗೆ ಎತ್ತರಿಸಿದ. ಒಳಗೆ ಮದ್ದಿಗೆ ಇನ್ನಷ್ಟು ಜಾಗ! ಎಲ್ಲಕ್ಕಿಂತ ಸೊಗಸಾದ ಮಾತೆಂದರೆ, ಆ ಹೊಸ ಗೂಡಿನ ಕೋವಿಯಲ್ಲಿ ಅಂಗಡಿಯಿಂದ ತಂದ ಹಳೆಯ ತೋಟಾವನ್ನೇ ಹಾರಿಸಬಹುದು. ಗುಂಡು ಗುರಿಗೆ ಹೋಗುತ್ತದೆ, ಚಿಪ್ಪು ಹೊಸ ಹೆಗಲು ಹೊತ್ತು ಹೊರಬರುತ್ತದೆ. ಇದು ಸುರಕ್ಷಿತವಾಗಿ ನಡೆಯಲು ಅವನು ಚೇಂಬರಿನ ಅಳತೆಯನ್ನು ಒಂದು ಇಂಚಿನ ಸಾವಿರದ ನಾಲ್ಕು ಪಾಲಿನಷ್ಟು ಕಿರಿದು ಮಾಡಿದ. ಹಳೆಯ ತೋಟಾ ಕೊರಳೂ ಹೆಗಲೂ ಕೂಡುವ ಜಾಗದಲ್ಲಿ ಒತ್ತಿ ಕೂರುತ್ತದೆ, ಅಲುಗಾಡುವುದಿಲ್ಲ. ಆ ಬಿಗಿ ಇಲ್ಲದೆ ಹಿಂದೆ ಮುಂದೆ ಸಂದು ಉಳಿದರೆ ಚಿಪ್ಪು ಉದ್ದಕ್ಕೆ ಹಿಗ್ಗಿ, ಬುಡದ ಹತ್ತಿರ ಹೊಳೆಯುವ ಒಂದು ಉಂಗುರ ಮೂಡಿ, ಅಲ್ಲಿಯೇ ತುಂಡಾಗಬಹುದು. ಹಾಗಾದಾಗ ಬಿಸಿ ಅನಿಲ ನುಗ್ಗುವುದು ಹಿಂದಕ್ಕೆ. ಆಕ್ಲಿಯ ಸಾಧನೆಯೆಲ್ಲ ನನಗೆ ಆ ಸಾವಿರದ ನಾಲ್ಕು ಪಾಲಿನಲ್ಲಿದೆ ಎನಿಸುತ್ತದೆ.

ಇನ್ನೊಂದು ಚಂದ. ಅಗಲವಾದ ಚಿಪ್ಪು ಕೊಂಚ ಗಿಡ್ಡವಾಗುತ್ತದೆ. ಇಲ್ಲಿನ ಯಾವ ತಾಯಿಯನ್ನು ಕೇಳಿದರೂ ಕಾರಣ ಹೇಳುತ್ತಾಳೆ: ರಾಗಿ ಮುದ್ದೆಯನ್ನು ಅಂಗೈಯಲ್ಲಿ ಅಗಲಿಸಿದರೆ ಎತ್ತರ ತಗ್ಗುತ್ತದೆ. ಇರುವ ಹಿಟ್ಟು ಅಷ್ಟೇ ಅಲ್ಲವೇ!

ಅಡುಗೆಮನೆಯ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ, ನನ್ನನ್ನು ಕುಣಿಸಿದ ಸಂಗತಿ ಇನ್ನೊಂದಿದೆ. ಗುಂಡೇ ಇಲ್ಲದೆ ಚಿಪ್ಪನ್ನು ಅಚ್ಚಿಗೆ ತರುವ ಒಂದು ಉಪಾಯವನ್ನು ಅಮೆರಿಕದವರು ಕಂಡುಕೊಂಡರು. ಬುಡದಲ್ಲಿ ಬೇಗ ಉರಿಯುವ ಮದ್ದು ಸ್ವಲ್ಪ, ಅದರ ಮೇಲೆ ಗೋಧಿ ರವೆ, ಬಾಯಿಗೆ ಮೇಣದ ಬೆಣೆ. ಹೌದು, ನಾವು ಉಪ್ಪಿಟ್ಟಿಗೆ ಹುರಿಯುವ ಅದೇ ರವೆ! ಅಲ್ಲಿ ಬೆಳಗಿನ ಗಂಜಿಗೆ ಡಬ್ಬಿಯಲ್ಲಿ ಮಾರುವ ಗೋಧಿ ರವೆ. ಕೇಪು ಸಿಡಿದಾಗ ಗುಂಡಿನ ಭಾರದ ಕೆಲಸವನ್ನು ರವೆ ಮಾಡುತ್ತದೆ. ಅದರ ಕಾಳುಗಳ ತಡೆಗೆ ಒತ್ತಡ ಒಳಗೆಯೇ ನಿಂತು ಹಿತ್ತಾಳೆಯನ್ನು ಮೂಲೆಮೂಲೆಗೆ ತುಂಬಿಸುತ್ತದೆ. ಲೋಹಕ್ಕೆ ಹೆಗಲು ಮೂಡಿಸುವ ಕಮ್ಮಾರಿಕೆ ರವೆಯದು!

ಆದರೆ ಬೆಂಕಿಗೆ ಮೊದಲು ಆಯ್ಕೆ ಇದೆ, ಕಾಡುಬೆಕ್ಕಿನ ಕಷ್ಟವೆಲ್ಲ ಅಲ್ಲಿದೆ. ತಾಯಿ ಚಿಪ್ಪು ಯಾವುದು? ಅದು ಎಲ್ಲೆಡೆ, ಹಲವು ವರ್ಷ ಸಿಗುವಂಥದಾಗಿರಬೇಕು. 1906ರಲ್ಲಿ ಹುಟ್ಟಿದ .30-06ಕ್ಕೆ ಅಷ್ಟೊಂದು ಮಕ್ಕಳು ಹುಟ್ಟಿದ್ದು ಅದಕ್ಕೇ. ಕೋವಿಯ ಬೋಲ್ಟಿನ ಬಾಯಿ ಆ ಚಿಪ್ಪಿನ ಬುಡವನ್ನು ಹಿಡಿಯಬೇಕು. ಮ್ಯಾಗಜೀನಿನಲ್ಲಿ ಉದ್ದ ಹಿಡಿಸಬೇಕು. ಬಯಸಿದ ದಪ್ಪದ ಗುಂಡನ್ನು ಯಾರಾದರೂ ತಯಾರಿಸುತ್ತಿರಬೇಕು, ನಳಿಕೆಯೊಳಗಿನ ತಿರುಪು ಆ ಗುಂಡಿನ ಉದ್ದಕ್ಕೆ ಒಪ್ಪಬೇಕು. ಇವೆಲ್ಲಕ್ಕೂ ಮೇಲೆ ಒಂದು ಹದ: ಕಿರಿದಾದ ನಳಿಕೆಯ ಹಿಂದೆ ಹಂಡೆಯಷ್ಟು ಮದ್ದು ಇಟ್ಟರೆ ವೇಗ ಸ್ವಲ್ಪ ಏರುತ್ತದೆ, ನಳಿಕೆಯ ಗಂಟಲು ಮಾತ್ರ ಬೇಗ ಸುಟ್ಟುಹೋಗುತ್ತದೆ. ಒಮ್ಮೆ ಆಕ್ಲಿ ಆನೆ ಬೇಟೆಯ ತೋಟಾದ ದೈತ್ಯ ಚಿಪ್ಪಿನ ಕೊರಳನ್ನು .22ರ ಪುಟ್ಟ ಗುಂಡಿಗೆ ಹಿಸುಕಿ ನೋಡಿದ. ಗುರಿ ಇದ್ದದ್ದು ಸೆಕೆಂಡಿಗೆ 5,000 ಅಡಿ. ಬಂದದ್ದು 4,600ರ ಆಸುಪಾಸು. ಆಚೆಗೆ ಎಷ್ಟು ಮದ್ದು ತುಂಬಿದರೂ ದಾಟಲಾಗದ ಒಂದು ಗೆರೆ ಇದೆ ಎಂದು ಆ ತೋಟಾ ಹೇಳಿಬಿಟ್ಟಿತು.

ಚೆನ್ನಾಗಿ ಆರಿಸಿದ ಕಾಡುಬೆಕ್ಕು ಒಂದು ದಿನ ಊರು ಸೇರುತ್ತದೆ. 1920ರಲ್ಲಿ ನೀಡ್ನರ್ ಎಂಬ ಕುಶಲಿ .30-06ರ ಕೊರಳು ಕಿರಿದು ಮಾಡಿ .25-06 ಕಟ್ಟಿದ. 1969ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ತನ್ನದೆಂದು ಮಾರಿತು. ಅರ್ಧ ಶತಮಾನ ಅದು ಅಂಗಡಿಯ ಹೊರಗಿತ್ತು! .22-250 ಕೂಡ 1930ರ ದಶಕದ ಕಾಡುಬೆಕ್ಕು, ಅಂಗಡಿ ಸೇರಿದ್ದು 1965ರಲ್ಲಿ.

ತೋಟಾದ ಆಯ್ಕೆ ಯಾವಾಗಲೂ ಕುಶಲಿಯದೇ ಆಗಿರುವುದಿಲ್ಲ. ಕೆಲವು ಸಲ ಸರ್ಕಾರವೇ ಆರಿಸುತ್ತದೆ. ಹಾಗೆ ಲೋಕದ ತೋಟಾಗಳ ಪಟ್ಟಿಯನ್ನೇ ತಿದ್ದಿದ್ದು ನಮ್ಮ ದೇಶದ ಒಂದು ನಿಷೇಧ ಎಂದು ತಿಳಿದಾಗ ನಾನು ಓದುತ್ತಿದ್ದ ಪುಸ್ತಕ ಮುಚ್ಚಿ ಎದ್ದು ಓಡಾಡಿದೆ. ಬ್ರಿಟಿಷ್ ಸೇನೆಯ ಮಾರ್ಟಿನಿ-ಹೆನ್ರಿ ಕೋವಿ .450 ಅಳತೆಯದು. ಅದರ ಚಿಪ್ಪು ಕೂಡ ಹಳೆಯ .577ರ ಕೊರಳು ಹಿಸುಕಿ ಹುಟ್ಟಿದ್ದೇ. ಬಂಡೆದ್ದವರ ಕೈಗೆ ಆ ಅಳತೆಯ ಗುಂಡು ಸಿಗಬಾರದೆಂದು 1907ರ ಸುಮಾರಿಗೆ ಭಾರತಕ್ಕೂ ಸುಡಾನಿಗೂ .450 ತೋಟಾ ತರುವುದನ್ನು ಬ್ರಿಟಿಷರು ತಡೆದರು. ಇಲ್ಲಿ ಹುಲಿ, ಆನೆ, ಕಾಟಿಗಳ ಬೇಟೆಗೆ ದೊರೆಗಳು ಮೆಚ್ಚಿದ್ದ ಅಳತೆಯೂ ಅದೇ! ಲಂಡನ್ನಿನ ಕೋವಿ ಅಂಗಡಿಗಳಿಗೆ ದಿಕ್ಕು ತೋಚದಾಯಿತು. ಒಬ್ಬೊಬ್ಬರೂ ಒಂದೊಂದು ಹೊಸ ಅಳತೆ ಹಿಡಿದು ಬಂದರು: .465, .470, .475, .476. ಆಫ್ರಿಕದ ಕಾಡುಗಳಲ್ಲಿ ಇಂದಿಗೂ ಹೆಸರಾಗಿರುವ .470 ಅಷ್ಟು ಎತ್ತರಕ್ಕೆ ಏರಿದ್ದು ಭಾರತದ ಬಂಡಾಯಗಾರರ ಭಯದಿಂದ!

ಹಾಗೆಯೇ .303 ಸೇನೆಯದು, ಜನಸಾಮಾನ್ಯರಿಗಿಲ್ಲ. ಅದರ ಬದಲು ಬೇಟೆಗಾರರ ಕೈಗೆ ಬಂದದ್ದು .315. ಬಂದೂಕು ಬಲ್ಲ ಹಿರಿಯರು ಈ ಸಂಖ್ಯೆ ಕೇಳಿದರೆ ಕಣ್ಣರಳಿಸುತ್ತಾರೆ. ಅದರ ಜಾತಕ ತೆರೆದರೆ ಸಿಗುವ ಊರು ವಿಯೆನ್ನಾ: ಆಸ್ಟ್ರಿಯಾ-ಹಂಗೇರಿ ಸೇನೆಯ 8 ಮಿಲಿಮೀಟರ್ ಮಾನ್‌ಲಿಖರ್ ತೋಟಾ ಅದು. ಆ ಸಾಮ್ರಾಜ್ಯ 1918ರಲ್ಲಿ ಮಣ್ಣುಗೂಡಿತು. ಅದರ ತೋಟಾ ನಮ್ಮಲ್ಲಿ ಉಳಿಯಿತು, ನಮ್ಮ ಸರ್ಕಾರಿ ಕಾರ್ಖಾನೆಗಳು ಸ್ವಾತಂತ್ರ್ಯದ ನಂತರವೂ ಅದಕ್ಕೆ ರೈಫಲ್ ತಯಾರಿಸಿದವು.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ನಾನು ಹೋದದ್ದು ಚನ್ನಪಟ್ಟಣಕ್ಕೆ. ಬೊಂಬೆ ತಿರುಗಿಸುವ ಒಂದು ಪುಟ್ಟ ಕೊಠಡಿಯಲ್ಲಿ ಕೂತೆ. ತಿರುಗಣೆಯಲ್ಲಿ ಹಾಲೆ ಮರದ ತುಂಡು ಗಿರಗಿರನೆ ಸುತ್ತುತ್ತಿತ್ತು. ಕಸುಬುದಾರ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದ. ಒಲೆ ಇಲ್ಲ, ಕೆಂಡ ಇಲ್ಲ! ತಿಕ್ಕಾಟದ ಬಿಸಿಗೇ ಅರಗು ಮೆತ್ತಗಾಗಿ ಮರದ ಮೈ ಮೇಲೆ ಹರಡಿತು, ಬೊಂಬೆಯ ಕೊರಳು, ಹೆಗಲು, ಹೊಟ್ಟೆ ಎಲ್ಲಕ್ಕೂ ಹೊಂದಿಕೊಂಡಿತು. ತಾಳೆಗರಿಯಿಂದ ಒಮ್ಮೆ ತೀಡಿದ್ದೇ ತಡ, ಕನ್ನಡಿಯ ಹೊಳಪು. ನಾನು ಮತ್ತೆ ಮತ್ತೆ ನೋಡಿದ್ದು ಆ ಕೊರಳನ್ನೂ ಹೆಗಲನ್ನೂ. ಅಲ್ಲಿ ಅರಗು ಹೊರಗಿನಿಂದ ಮರವನ್ನು ಅಪ್ಪುತ್ತದೆ, ಕೋವಿಯಲ್ಲಿ ಹಿತ್ತಾಳೆ ಒಳಗಿನಿಂದ ಉಕ್ಕನ್ನು ಅಪ್ಪುತ್ತದೆ. ಎರಡಕ್ಕೂ ಬೇಕಾದದ್ದು ಸರಿಯಾದ ಬಿಸಿ, ಸರಿಯಾದ ಒತ್ತು, ಸರಿಯಾದ ಗಳಿಗೆ.

ಚನ್ನಪಟ್ಟಣಕ್ಕೆ ಲೋಹದ ಹದವೂ ಗೊತ್ತಿತ್ತು! 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ವಾದ್ಯದ ತಂತಿಗೆಂದು ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಅದು ದೂರದೂರದ ಸೀಮೆಗಳಿಗೆ ಹೋಗುತ್ತಿದ್ದುದನ್ನೂ ದಾಖಲಿಸಿದ್ದಾನೆ. ತಂತಿ ಎಳೆಯುವುದೆಂದರೆ ಲೋಹವನ್ನು ಕಿರಿದು, ಇನ್ನೂ ಕಿರಿದು ತೂತುಗಳಲ್ಲಿ ತೂರಿಸುವುದು. ಎಳೆದಷ್ಟೂ ಲೋಹ ಬಿರುಸಾಗುತ್ತದೆ, ಹಟ ಹಿಡಿಯುತ್ತದೆ. ಆಗ ಬೆಂಕಿ ತೋರಿಸಿ ಹದಕ್ಕೆ ತರಬೇಕು, ಮತ್ತೆ ಎಳೆಯಬೇಕು. ತೋಟಾದ ಚಿಪ್ಪು ಹುಟ್ಟುವುದೂ ಅಕ್ಷರಶಃ ಹೀಗೆಯೇ. ಮೊದಲು ಹಿತ್ತಾಳೆಯ ಒಂದು ಬಿಲ್ಲೆ, ಅದನ್ನು ಒತ್ತಿ ಒಂದು ಬಟ್ಟಲು, ಬಟ್ಟಲನ್ನು ಎಳೆದು ಕೊಳವೆ, ನಡುನಡುವೆ ಬೆಂಕಿಯ ಹದ. ಊರಿನ ಕಂಚುಗಾರರು ಕೊಡ ಬಡಿಯುವಾಗ ನಡುವೆ ಕುಲುಮೆಗೆ ಇಡುವುದೂ ಈ ಗುಟ್ಟಿಗೇ. ವೀಣೆಯ ತಂತಿ, ನೀರಿನ ಕೊಡ, ತೋಟಾದ ಚಿಪ್ಪು ಮೂರಕ್ಕೂ ಒಂದೇ ವ್ಯಾಕರಣ, ಆ ವ್ಯಾಕರಣಕ್ಕೆ ಕನ್ನಡ ಇಟ್ಟ ಹೆಸರು ಹದ. ಇದಕ್ಕಿಂತ ಒಳ್ಳೆಯ ಮಾತು ಇನ್ನಾವ ಭಾಷೆಯಲ್ಲಾದರೂ ಇದ್ದೀತೇ ಎಂದು ನನಗೆ ಅನುಮಾನ.

ಬೆಂಕಿ-ಅಚ್ಚಿನ ಚಿಪ್ಪಿಗೂ ಹದ ಬೇಕು. ಹಲವು ಸಲ ಹಿಗ್ಗಿ ಕುಗ್ಗಿದ ಕೊರಳು ಬಿರುಸಾಗಿ ಸೀಳುತ್ತದೆ. ಅದಕ್ಕೆ ಬಲ್ಲವರು ಚಿಪ್ಪುಗಳನ್ನು ನೀರು ತುಂಬಿದ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, ಕೊರಳಿಗೆ ಮಾತ್ರ ಉರಿ ತೋರಿಸುತ್ತಿದ್ದರು. ಕಾಲು ನೀರಿನಲ್ಲಿ, ತಲೆಗೆ ಬೆಂಕಿ! ಬುಡ ಗಟ್ಟಿಯಾಗಿಯೇ ಉಳಿಯಬೇಕು, ಒತ್ತಡದ ಪೂರ್ತಿ ಏಟು ತಿನ್ನುವುದು ಅದು. ಬುಡಕ್ಕೆ ಬಿಸಿ ತಾಗಿ ಮೆತ್ತಗಾದರೆ ಆ ಚಿಪ್ಪು ಜೀವಕ್ಕೆ ಅಪಾಯ. ಸೇನೆಯ ಹೊಸ ತೋಟಾಗಳ ಕೊರಳಿನಲ್ಲಿ ಕಾಣುವ ನೀಲಿ, ನೇರಳೆ ಛಾಯೆ ಕೊಳೆಯಲ್ಲ, ಹದದ ಗುರುತು.

ಈ ಹದ ಯಾಕೆ ಬೇಕು ಎಂದು ಜಗತ್ತಿಗೆ ಕಲಿಸಿದ್ದರಲ್ಲಿ ಒಂದು ಪಾಲು ನಮ್ಮ ಮುಂಗಾರಿನದು. ಬ್ರಿಟಿಷರ ಕಾಲದ ಭಾರತದಲ್ಲಿ ಮಳೆಗಾಲ ಬಂದರೆ ಸೇನೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ಪೆಟ್ಟಿಗೆ ತೆರೆದರೆ, ಯಾರೂ ಮುಟ್ಟದ, ಒಂದು ಈಡೂ ಹಾರದ ಚಿಪ್ಪುಗಳು ತಮ್ಮಷ್ಟಕ್ಕೆ ತಾವೇ ಬಿರಿದಿರುತ್ತಿದ್ದವು! ಮಾಟವಲ್ಲ, ಮಂತ್ರವಲ್ಲ. ಹಲವು ದಶಕ ಬಿಡಿಸಲಾಗದ ಈ ಒಗಟನ್ನು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಬಿಡಿಸಿದರು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಎಳೆದು ಹಿಸುಕಿದ ಹಿತ್ತಾಳೆಯೊಳಗೆ ಹಿಡಿದಿಟ್ಟುಕೊಂಡ ಬಿಗಿತ, ಈ ಮೂರು ಕೂಡಿದರೆ ಲೋಹ ಸೀಳುತ್ತದೆ. ಪರಿಹಾರ ಸುಲಭ: ಮೆಲ್ಲನೆ ಕಾಯಿಸಿ ಆ ಬಿಗಿತ ಬಿಡಿಸುವುದು. ಲೋಹಶಾಸ್ತ್ರದ ಪುಸ್ತಕಗಳಲ್ಲಿ ಇದು ಇಂದಿಗೂ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರಿನಲ್ಲಿಯೇ ಇದೆ. ಸೇತುವೆಯಿಂದ ವಿಮಾನದವರೆಗೆ ಒತ್ತಡಕ್ಕೂ ತುಕ್ಕಿಗೂ ಒಟ್ಟಿಗೆ ಸಿಕ್ಕಿ ಬಿರಿಯುವ ಲೋಹದ ಅಧ್ಯಯನ ಬೆಳೆದು ಬಂದ ದಾರಿಯಲ್ಲಿ ಆ ಲಾಯದ ತೋಟಾ ಪೆಟ್ಟಿಗೆಯೂ ಒಂದು ಮೈಲಿಗಲ್ಲು!

ಚನ್ನಪಟ್ಟಣದಿಂದ ಹೊರಟು ರಾಮನಗರದಲ್ಲಿ ಇಳಿದು ಬಂಡೆಯ ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕುದಿದು ತಣಿದ ಈ ಕಲ್ಲಿಗೆ ಭೂವಿಜ್ಞಾನ ಇಟ್ಟ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ಊರು ತನ್ನ ಹಳೆಯ ಹೆಸರು ಬಿಟ್ಟಿತು, ಕಲ್ಲು ಬಿಡಲಿಲ್ಲ. ‘ಶೋಲೆ’ ಸಿನಿಮಾದ ಕೋವಿಗಳು ಸಿಡಿದದ್ದು ಇದೇ ಬಂಡೆಗಳ ನಡುವೆ. ಇಲ್ಲಿನ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ, ಉದ್ದ ಕೊಕ್ಕಿನ ಹಕ್ಕಿಗಳು ಗೂಡು ಕಟ್ಟುವ ಮೌನದ ಜಾಗ.

ನಮ್ಮ ದೇಶದಲ್ಲಿ ಯಾರೂ ತಾವಾಗಿಯೇ ಕಾಡುಬೆಕ್ಕಿನ ತೋಟಾ ಕಟ್ಟಬಾರದು. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಅಮೆರಿಕದಲ್ಲಿ ಅದು ಕಾನೂನಿನೊಳಗಿನ ಹವ್ಯಾಸ, ಅಲ್ಲಿಯೂ ಅಳತೆ ತಪ್ಪಿದವರು ಬೆರಳು, ಕಣ್ಣು ಕಳೆದುಕೊಂಡಿದ್ದಾರೆ. ನನ್ನ ಬೆರಗು ಓದಿನ ಬೆರಗು. ನಿಮ್ಮದೂ ಹಾಗೆಯೇ ಇರಲಿ. ಅಜ್ಜನ ಟ್ರಂಕಿನಲ್ಲಿ ಹಳೆಯ ತೋಟಾ ಸಿಕ್ಕರೆ ದಯವಿಟ್ಟು ಕೆದಕಬೇಡಿ, ಬಡಿಯಬೇಡಿ, ಗುಜರಿಗೆ ಹಾಕಬೇಡಿ, ಪೊಲೀಸ್ ಠಾಣೆಗೆ ತಿಳಿಸಿ. ನೂರು ವರ್ಷದ ಮದ್ದಿಗೂ ಉರಿಯುವ ಶಕ್ತಿ ಇರಬಲ್ಲುದು.

.405 ತೋಟಾ ಸತ್ತಿತೆಂದು ಲೋಕ ನಂಬಿದ್ದಾಗ, ಅದನ್ನು ಬೇರೆ ಚಿಪ್ಪಿನಿಂದ ಬದುಕಿಸಿಕೊಂಡವರ ಹಟ ಕೊನೆಗೆ ಗೆದ್ದಿತು. 2000ದ ನಂತರ ಅಮೆರಿಕದಲ್ಲಿ ಆ ಕೋವಿಯೂ ಮತ್ತೆ ಬಂತು, ತೋಟಾವೂ ಬಂತು. ಹೊಚ್ಚ ಹೊಸ ಹಿತ್ತಾಳೆ, ಬುಡದಲ್ಲಿ ಅದೇ ಸಂಖ್ಯೆ.

ಮಾಗಡಿಯ ಚಿರತೆಗಳೂ ಉಳಿದಿವೆ. ಸಾವನದುರ್ಗದ ಸುತ್ತಲ ಬಂಡೆ ಗವಿಗಳಲ್ಲಿ ಅವು ಇಂದಿಗೂ ಮರಿ ಹಾಕುತ್ತವೆ. ಅವುಗಳನ್ನು ಬೇಟೆಯಾಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.